ಹೊಸ ಆಲ್ಬಂ ಒಳಗೆ ಹಳೇ ಹಾಡು ಕೇಳಿಸ್ತಿದೆ! – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಲೆಮನ್ ಟ್ವಿಗ್ಸ್ ಅನ್ನೋ ಅಮೆರಿಕನ್ ಬ್ಯಾಂಡ್‌ದು 2023ರ ‘ಎವ್ರಿಥಿಂಗ್ ಹಾರ್ಮನಿ’ ಆಲ್ಬಂ ಈಚೆಗೆ ಕೇಳೋಕೆ ಶುರು ಮಾಡಿದೀನಿ. ಮೊದಲನೇ ಹಾಡು ಬಂದ ತಕ್ಷಣ ಸೈಮನ್ ಆ್ಯಂಡ್ ಗಾರ್ಫಂಕಲ್ ಅನ್ನಿಸ್ತು, ಮುಂದೆ ಒಂದ್ಕಡೆ ಬರ್ಡ್ಸ್, ಇನ್ನೊಂದ್ಕಡೆ ಬೀಚ್ ಬಾಯ್ಸ್. ಹಾಡುಗಳು ಇಷ್ಟ ಆಗ್ತಿವೆ, ಆದ್ರೆ ಇದೆಲ್ಲಾ ಐವತ್ತು ವರ್ಷದ ಹಿಂದೇನೇ ಬೇರೆಯೋರು ಮಾಡಿ ಮುಗಿಸಿದ್ದಲ್ವಾ ಅಂತ ಮನಸ್ಸು ಒಪ್ತಾ ಇಲ್ಲ. ಇದನ್ನ ಕಾಪಿ ಅನ್ನಬೇಕಾ? ಇಷ್ಟಪಟ್ರೆ ತಪ್ಪಾ?

ಉತ್ತರ: ಕೊನೇ ಪ್ರಶ್ನೆಗೆ ಮೊದಲು ಹೇಳ್ಬಿಡ್ತೀನಿ, ತಪ್ಪೇನೂ ಇಲ್ಲ, ಧಾರಾಳವಾಗಿ ಇಷ್ಟಪಡಿ. ನಿಮ್ಮ ಕಿವಿ ಸರಿಯಾಗೇ ಹಿಡಿದಿದೆ, ಆ ಆಲ್ಬಂ ತುಂಬಾ ಅರವತ್ತು ಎಪ್ಪತ್ತರ ದಶಕದ ನೆರಳಿದೆ, ಅದನ್ನ ಮುಚ್ಚಿಡೋಕೆ ಆ ಹುಡುಗರೂ ಹೋಗಿಲ್ಲ. ಬ್ರಯಾನ್ ಮತ್ತು ಮೈಕಲ್ ಡಡಾರಿಯೋ ಅಂತ ಇಬ್ಬರು ಅಣ್ಣತಮ್ಮಂದಿರು, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್ ಕಡೆಯೋರು, 2016ರಲ್ಲಿ ‘ಡೂ ಹಾಲಿವುಡ್’ ಆಲ್ಬಂ ಬಂದಾಗ ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಪ್ಪ ರಾನಿ ಡಡಾರಿಯೋ ಕೂಡ ಎಪ್ಪತ್ತರ ದಶಕದಿಂದ ಇದೇ ಥರದ ಪಾಪ್ ಹಾಡು ಬರೆದು ರೆಕಾರ್ಡ್ ಮಾಡಿಕೊಂಡು ಬಂದೋರು. ಅಂದ್ರೆ ಈ ಹುಡುಗರಿಗೆ ಇದು ಯಾವಾಗಲೋ ಹುಡುಕಿಕೊಂಡು ಹೋಗಿ ಹಾಕಿಕೊಂಡ ವೇಷ ಅಲ್ಲ, ಮನೇಲಿ ಕಿವಿಗೆ ಬಿದ್ದ ಭಾಷೆ, ಅದರಲ್ಲೇ ಅವರು ಮಾತಾಡ್ತಾರೆ.

ಈಗ ಕಾಪಿ ವಿಷಯಕ್ಕೆ ಬರೋಣ. ‘ಗೋಸ್ಟ್ ರನ್ ಫ್ರೀ’ ಹಾಡಲ್ಲಿ ನಿಮಗೆ ಬರ್ಡ್ಸ್ ಕೇಳಿಸಿರಬೇಕು, ಗಿಟಾರ್ ಹಾಗೇ ಕಿಣಿಕಿಣಿ ಅನ್ನುತ್ತೆ. ನನಗೆ ಅದರಲ್ಲಿ ಬರ್ಡ್ಸ್‌ಗಿಂತ ಜಾಸ್ತಿ ಬಿಗ್ ಸ್ಟಾರ್ ಕೇಳಿಸುತ್ತೆ, ‘ವಾಟ್ ಯೂ ವರ್ ಡೂಯಿಂಗ್’ ಹಾಡಲ್ಲಂತೂ ಇನ್ನೂ ಸ್ಪಷ್ಟವಾಗಿ. ಬಿಗ್ ಸ್ಟಾರ್ ಅಂದ್ರೆ ಮೆಂಫಿಸ್ ಊರಿನ ಬ್ಯಾಂಡ್, 1972ರಲ್ಲಿ ಮೊದಲನೇ ಆಲ್ಬಂ ತಂದ್ರು, ವಿಮರ್ಶಕರೆಲ್ಲ ಕೊಂಡಾಡಿದ್ರು ಆದ್ರೆ ಅಂಗಡಿಗಳಿಗೆ ರೆಕಾರ್ಡ್ ಸರಿಯಾಗಿ ತಲುಪಲೇ ಇಲ್ಲ, ಹಾಗಾಗಿ ಆ ಕಾಲದಲ್ಲಿ ಕೇಳಿದೋರೇ ಕಮ್ಮಿ. ಅದರ ಗಾಯಕ ಅಲೆಕ್ಸ್ ಚಿಲ್ಟನ್ ಹದಿನಾರನೇ ವಯಸ್ಸಿಗೇ ಬಾಕ್ಸ್ ಟಾಪ್ಸ್ ಬ್ಯಾಂಡ್‌ನಲ್ಲಿ 1967ರ ‘ದ ಲೆಟರ್’ ಹಾಡಿ ನಂಬರ್ ಒನ್‌ಗೆ ಹೋಗಿ ಬಂದಿದ್ದ, ಅಂಥೋನೂ ಬಿಗ್ ಸ್ಟಾರ್‌ನಲ್ಲಿ ಏನು ಮಾಡ್ತಿದ್ದ ಅಂದ್ರೆ ಬೀಟಲ್ಸ್ ಮತ್ತು ಬರ್ಡ್ಸ್ ಮೇಲಿನ ಪ್ರೀತೀನ ತನ್ನ ಊರಿನ ಸೋಲ್ ಸಂಗೀತದ (ಅಮೆರಿಕದ ಕಪ್ಪು ಜನರ ಭಾವಪೂರ್ಣ ಹಾಡಿನ ಶೈಲಿ) ಜೊತೆ ಸೇರಿಸ್ತಿದ್ದ. ಆಗಲೇ ಅದು ‘ಹಳೇ’ ಸೌಂಡು! 1972ರಲ್ಲಿ ಎಲ್ಲರೂ ಉದ್ದುದ್ದ ಗಿಟಾರ್ ಸೋಲೋ ಬಾರಿಸ್ತಾ ಇದ್ದಾಗ ಇವರು ಮೂರು ನಿಮಿಷದ ಪಾಪ್ ಹಾಡು ಮಾಡ್ತಾ ಕೂತಿದ್ರು.

ಇನ್ನೂ ಹಿಂದಕ್ಕೆ ಹೋಗಿ. ಬರ್ಡ್ಸ್ ಬ್ಯಾಂಡ್‌ನ ರೋಜರ್ ಮೆಗ್ವಿನ್‌ಗೆ ಆ ಕಿಣಿಕಿಣಿ ಎಲ್ಲಿಂದ ಬಂತು? 1964ರ ಬೀಟಲ್ಸ್ ಸಿನಿಮಾದಲ್ಲಿ ಜಾರ್ಜ್ ಹ್ಯಾರಿಸನ್ ಕೈಲಿ ರಿಕನ್‌ಬ್ಯಾಕರ್ ಕಂಪನಿಯ ಹನ್ನೆರಡು ತಂತಿ ಎಲೆಕ್ಟ್ರಿಕ್ ಗಿಟಾರ್ ನೋಡಿ ತಾನೂ ಅದನ್ನೇ ತಗೊಂಡ. ಈ ಗಿಟಾರ್‌ನಲ್ಲಿ ತಂತಿಗಳು ಜೋಡಿ ಜೋಡಿಯಾಗಿರುತ್ತವೆ, ಕೆಳಗಿನ ಸ್ವರದ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ದಪ್ಪ, ಇನ್ನೊಂದು ಸಣ್ಣದು, ಅದು ಅದೇ ಸ್ವರವನ್ನ ಮೇಲಿನ ಸ್ಥಾಯಿಯಲ್ಲಿ ನುಡಿಯುತ್ತೆ, ಉಳಿದ ಎರಡು ಜೋಡಿ ಒಂದೇ ಸ್ವರಕ್ಕೆ ಶ್ರುತಿ ಆಗಿರುತ್ತವೆ. ಎರಡು ತಂತಿ ಎಷ್ಟು ಶ್ರುತಿ ಮಾಡಿದ್ರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತಲ್ಲ, ಆ ವ್ಯತ್ಯಾಸವೇ ಮಿನುಗು. ಒಂದು ಗಿಟಾರ್ ಬಾರಿಸಿದ್ರೂ ಎರಡು ಮೂರು ಗಿಟಾರ್ ಥರ ಕೇಳುತ್ತೆ. 1965ರಿಂದ ಇವತ್ತಿನವರೆಗೆ ಯಾರು ಆ ವಾದ್ಯ ಕೈಗೆತ್ತಿಕೊಂಡ್ರೂ ಬರ್ಡ್ಸ್ ನೆನಪಾಗದೇ ಇರಲ್ಲ, ಅದನ್ನ ಕದ್ದಿದ್ದು ಅನ್ನೋಕಾಗುತ್ತಾ, ವಾದ್ಯದ ಗುಣವೇ ಅದು.

ಇನ್ನು ಬೀಟಲ್ಸ್. ಅವರ 1963ರ ಮೊದಲ ಆಲ್ಬಂನ ಹದಿನಾಲ್ಕು ಹಾಡಲ್ಲಿ ಆರು ಬೇರೆಯೋರ ಹಾಡು. ‘ಪ್ಲೀಸ್ ಪ್ಲೀಸ್ ಮಿ’ ಹಾಡು ಹಾಕಿ ಶುರುವಿನ ಸಾಲನ್ನ ಗಮನ ಇಟ್ಟು ಕೇಳಿ, ಲೆನನ್ ದನಿ ಮೆಟ್ಟಿಲು ಇಳಿದ ಹಾಗೆ ಕೆಳಗೆ ಇಳೀತಾ ಹೋಗುತ್ತೆ, ಮೆಕಾರ್ಟ್ನಿ ಮಾತ್ರ ಮೇಲಿನ ಒಂದೇ ಸ್ವರವನ್ನ ಬಿಡದೆ ಹಿಡ್ಕೊಂಡಿರ್ತಾನೆ. ಅದು ಎವರ್ಲಿ ಬ್ರದರ್ಸ್ 1960ರ ‘ಕ್ಯಾಥೀಸ್ ಕ್ಲೌನ್’ನಲ್ಲಿ ಮಾಡಿದ ಪಟ್ಟು, ಮೆಕಾರ್ಟ್ನೀನೇ ಅದನ್ನ ಒಪ್ಕೊಂಡಿದ್ದಾನೆ. ಬೀಚ್ ಬಾಯ್ಸ್ ಕಥೇನೂ ಇದೇ, ಅವರ 1963ರ ‘ಸರ್ಫಿನ್ ಯುಎಸ್ಎ’ ರಾಗ ಚಕ್ ಬೆರ್ರಿಯ 1958ರ ‘ಸ್ವೀಟ್ ಲಿಟಲ್ ಸಿಕ್ಸ್‌ಟೀನ್’ದು, ಕೊನೆಗೆ ಬೆರ್ರಿ ಹೆಸರನ್ನೂ ಹಾಕಬೇಕಾಯ್ತು. ಹಾಗಾಗಿ ನೀವು ಲೆಮನ್ ಟ್ವಿಗ್ಸ್ ಕೇಳ್ತಾ ‘ಇದು ಮೂಲ ಅಲ್ಲ’ ಅಂದ್ಕೊಂಡು ಮೂಲ ಹುಡುಕ್ಕೊಂಡು ಹೊರಟ್ರೆ, ಆ ಮೂಲದೋರೂ ಇನ್ಯಾರನ್ನೋ ಕೇಳ್ತಾ ಕೂತಿರ್ತಾರೆ.

ಹಾಗಂತ ಎಲ್ಲಾ ಪ್ರತಿಧ್ವನಿನೂ ಒಂದೇ ಅಂತ ನಾನು ಹೇಳಲ್ಲ. ಆ ಹಳೇ ಸೌಂಡ್ ಇಟ್ಕೊಂಡು ಈ ಬ್ಯಾಂಡು ತನ್ನದೇ ಏನಾದ್ರೂ ಹೇಳ್ತಿದೆಯಾ ಅನ್ನೋದನ್ನೇ ನಾನು ನೋಡೋದು. ‘ಡೂ ಹಾಲಿವುಡ್’ನಲ್ಲಿ ಒಂದೇ ಹಾಡೊಳಗೆ ನಾಲ್ಕು ಹಾಡಿನ ಐಡಿಯಾ ತುಂಬಿಸಿದ್ರು, ನಮಗೆ ಇದೂ ಬರುತ್ತೆ ಅದೂ ಬರುತ್ತೆ ಅನ್ನೋ ಹುರುಪು ಕೇಳಿಸ್ತಿತ್ತು, ಹಾಡಿಗಿಂತ ಕೌಶಲ ಎದ್ದು ಕಾಣ್ತಿತ್ತು. ‘ಎವ್ರಿಥಿಂಗ್ ಹಾರ್ಮನಿ’ಯಲ್ಲಿ ಹಾಗಿಲ್ಲ, ಒಂದು ಹಾಡಿಗೆ ಒಂದು ಭಾವ, ಅದರಲ್ಲೇ ನಿಂತು ಮುಗಿಸ್ತಾರೆ. ‘ಕಾರ್ನರ್ ಆಫ್ ಮೈ ಐ’ ಕೇಳಿ, ಮೆತ್ತಗೆ ಹಾಡ್ತಾ ಹಾರ್ಮನಿ, ಅಂದ್ರೆ ಬೇರೆ ಸ್ವರದಲ್ಲಿ ಜೊತೆಗೂಡೋ ಇನ್ನೊಂದು ದನಿ, ಬಂದು ಸೇರೋ ಜಾಗದಲ್ಲಿ ಅದು ಯಾರನ್ನ ಹೋಲುತ್ತೆ ಅನ್ನೋದು ನನಗೆ ನೆನಪೇ ಆಗಲ್ಲ, ಆ ಹಾಡಿನ ಸಂಕೋಚ ಮಾತ್ರ ಕೇಳುತ್ತೆ. ಒಡಹುಟ್ಟಿದೋರ ದನಿ ಒಂದಕ್ಕೊಂದು ಅಂಟೋ ರೀತೀನೇ ಬೇರೆ, ಎವರ್ಲಿ ಬ್ರದರ್ಸ್, ಬೀಚ್ ಬಾಯ್ಸ್‌ನ ಮೂರು ಜನ ವಿಲ್ಸನ್‌ಗಳು, ಬೀ ಜೀಸ್, ಇವರೆಲ್ಲರ ಹತ್ರ ಇದ್ದಿದ್ದು ಅದೇ. ಅದನ್ನ ಯಾರನ್ನೋ ನೋಡಿ ಕಲಿಯೋಕಾಗಲ್ಲ. ಆಮೇಲೆ ಬಂದ 2024ರ ‘ಎ ಡ್ರೀಮ್ ಈಸ್ ಆಲ್ ವಿ ನೋ’ ಆಲ್ಬಂನಲ್ಲಿ ‘ಮೈ ಗೋಲ್ಡನ್ ಇಯರ್ಸ್’ ನನಗೆ ತುಂಬಾ ಹಿಡಿಸ್ತು, ಆದ್ರೆ ಕೊನೇಲಿ ಬರೋ ‘ರಾಕ್ ಆನ್’ ಹಾಡು ಬಂದಾಗ ಎಪ್ಪತ್ತರ ದಶಕದ ಇಂಗ್ಲಿಷ್ ಬ್ಯಾಂಡ್ ಟಿ. ರೆಕ್ಸ್ ಬಿಟ್ಟು ಬೇರೇನೂ ಕೇಳಿಸಲ್ಲ, ಅದು ಬರೀ ನೆನಪಿಸೋದು ಅಷ್ಟೇ, ಅಂಥ ಕಡೆ ನಿಮ್ಮ ಅನುಮಾನ ನ್ಯಾಯವಾದದ್ದೇ. ಒಂದೇ ಬ್ಯಾಂಡ್‌ನಲ್ಲಿ ಎರಡೂ ಇರಬಹುದು, ಹಾಡು ಹಾಡಿಗೂ ಬೇರೆ ಬೇರೆ ತೀರ್ಪು ಕೊಡಿ.

ಪ್ರಶ್ನೆ: ಪ್ರಭಾವ ಯಾವುದು, ಕಳ್ಳತನ ಯಾವುದು, ಗೆರೆ ಎಲ್ಲಿದೆ ಸಾರ್? ಕೋರ್ಟ್‌ಗೆ ಹೋದ ಕೇಸುಗಳ ಬಗ್ಗೆ ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ.

ಉತ್ತರ: ಗೊಂದಲ ಆಗೋದು ಸಹಜ ಕಣ್ರೀ, ಯಾಕಂದ್ರೆ ಕೋರ್ಟ್ ಕೇಳೋ ಕಿವಿ ಬೇರೆ, ನಾವು ಕೇಳೋ ಕಿವಿ ಬೇರೆ. ಜಾರ್ಜ್ ಹ್ಯಾರಿಸನ್ ಒಬ್ಬನ ಕಥೇಲೇ ಎರಡೂ ತುದಿ ಸಿಗುತ್ತೆ ನೋಡಿ. ಅವನ 1970ರ ‘ಮೈ ಸ್ವೀಟ್ ಲಾರ್ಡ್’ ಹಾಡು ಶಿಫಾನ್ಸ್ ಅನ್ನೋ ಹುಡುಗಿಯರ ಗುಂಪಿನ 1963ರ ‘ಹೀ ಈಸ್ ಸೋ ಫೈನ್’ ಥರ ಇದೆ ಅಂತ ಕೇಸ್ ಆಯ್ತು, 1976ರಲ್ಲಿ ಅಮೆರಿಕದ ಜಡ್ಜ್ ತೀರ್ಪು ಕೊಡುವಾಗ ಎರಡೂ ಹಾಡನ್ನ ಸ್ವರ ಸ್ವರವಾಗಿ ಬಿಡಿಸಿಟ್ರು. ನಮ್ಮ ಸ್ವರದಲ್ಲಿ ಹೇಳೋದಾದ್ರೆ ಮೊದಲ ತುಣುಕು ಪ-ಗ-ರಿ, ಎರಡನೇದು ಪ-ಧ-ಸ-ಧ-ಸ. ಪ-ಗ-ರಿ ಅನ್ನೋದು ಯಾವ ಹಾಡಲ್ಲಿ ಬೇಕಾದ್ರೂ ಬರಬಹುದು, ಆದ್ರೆ ಈ ಎರಡು ತುಣುಕು ಇದೇ ಕ್ರಮದಲ್ಲಿ ಮತ್ತೆ ಮತ್ತೆ ಬರೋದು, ಎರಡನೇದರ ಒಂದು ಆವರ್ತನೆಯಲ್ಲಿ ಒಂದು ಪುಟ್ಟ ಅಲಂಕಾರ ಸ್ವರ ಕೂಡ ಅದೇ ಜಾಗದಲ್ಲಿ ಬರೋದು, ಅದು ಆಕಸ್ಮಿಕ ಅಲ್ಲ ಅಂತ ನಿರ್ಧಾರ ಆಯ್ತು. ಬೇಕಂತ ಮಾಡಿಲ್ಲ, ಒಳಮನಸ್ಸಲ್ಲಿ ಉಳಿದಿದ್ದು ಹೊರಗೆ ಬಂದಿದೆ, ಆದ್ರೂ ಅದು ಉಲ್ಲಂಘನೆಯೇ ಅಂದ್ರು.

ಈಗ ಇನ್ನೊಂದು ತುದಿ. ಅದೇ ಹ್ಯಾರಿಸನ್ 1966ರಲ್ಲಿ ಬರೆದ ‘ಟ್ಯಾಕ್ಸ್‌ಮನ್’ ಹಾಡಿನ ಬೇಸ್ ಗಿಟಾರ್ (ತಗ್ಗು ಸ್ವರದ ಗಿಟಾರ್) ಸಾಲನ್ನ ಜ್ಯಾಮ್ ಬ್ಯಾಂಡು 1980ರಲ್ಲಿ ‘ಸ್ಟಾರ್ಟ್’ ಹಾಡಿಗೆ ಹೆಚ್ಚೂಕಮ್ಮಿ ಹಾಗೇ ಎತ್ಕೊಂಡ್ರು, ಇಂಗ್ಲೆಂಡ್‌ನಲ್ಲಿ ಅದು ನಂಬರ್ ಒನ್ ಕೂಡ ಆಯ್ತು. ಅದರ ಮೇಲೆ ಜ್ಯಾಮ್ ಹಾಡಿರೋದು ಅವರದ್ದೇ ಹಾಡು, ಅವರದ್ದೇ ಸಿಟ್ಟು, ಅವರದ್ದೇ ಅವಸರ. ನನ್ನ ಕಿವಿಗೆ ‘ಮೈ ಸ್ವೀಟ್ ಲಾರ್ಡ್’ಗಿಂತ ಇದು ಜಾಸ್ತಿ ರಾಜಾರೋಷವಾದ ಎತ್ತುವಳಿ, ಆದ್ರೂ ಎರಡೂ ನನಗೆ ಒಳ್ಳೇ ಹಾಡೇ!

ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಅದರ ವಿಷಯದಲ್ಲೂ ಇಂಥದ್ದೇ ಒಂದಿದೆ. ರೇಡಿಯೋಹೆಡ್‌ನ 1992ರ ‘ಕ್ರೀಪ್’ನಲ್ಲಿ ನಾಲ್ಕೇ ಕಾರ್ಡು, ಕೊನೇ ಎರಡರಲ್ಲಿ ಒಂದು ಮೇಜರ್ ಕಾರ್ಡು ಇದ್ದಕ್ಕಿದ್ದ ಹಾಗೆ ಅದೇ ಜಾಗದಲ್ಲಿ ಮೈನರ್ ಆಗುತ್ತೆ. ಶುದ್ಧ ಧೈವತ ಕೋಮಲ ಧೈವತಕ್ಕೆ ಜಾರೋದು ಅಷ್ಟೇ ಅಲ್ಲಿ ಆಗೋದು, ಒಂದೇ ಸ್ವರ ಅರ್ಧ ಮೆಟ್ಟಿಲು ಇಳಿಯುತ್ತೆ, ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಗುತ್ತೆ. ಹಾಲೀಸ್ ಬ್ಯಾಂಡ್ 1974ರಲ್ಲಿ ಹಿಟ್ ಮಾಡಿದ ‘ದ ಏರ್ ದಟ್ ಐ ಬ್ರೀದ್’ ಹಾಡಲ್ಲೂ ಅದೇ ಸಾಲು, ಶ್ರುತಿ ಮಾತ್ರ ಬೇರೆ. ಆ ಹಾಡಿನ ರಚನಕಾರರಾದ ಆಲ್ಬರ್ಟ್ ಹ್ಯಾಮಂಡ್ ಮತ್ತು ಮೈಕ್ ಹೇಜಲ್‌ವುಡ್ ಹೆಸರು ಈಗ ‘ಕ್ರೀಪ್’ ಕ್ರೆಡಿಟ್‌ನಲ್ಲಿದೆ. ಬರೀ ಕಾರ್ಡ್ ಆಗಿದ್ರೆ ಇಷ್ಟಾಗ್ತಿರಲಿಲ್ಲ, ರಾಗದ ತುಣುಕೂ ಹೋಲ್ತಾ ಇತ್ತು, ಅದಕ್ಕೇ ಹೀಗಾಗಿದ್ದು.

ಮೊದಲೆಲ್ಲ ಸಾಮಾನ್ಯ ತಿಳುವಳಿಕೆ ಇದ್ದಿದ್ದು ಏನಂದ್ರೆ ರಾಗಕ್ಕೆ ಮತ್ತು ಸಾಹಿತ್ಯಕ್ಕೆ ಒಡೆಯರು ಇರ್ತಾರೆ, ತಾಳದ ಗತ್ತಿಗೆ, ಸೌಂಡಿನ ಮಜಾಕ್ಕೆ ಒಡೆಯರಿಲ್ಲ ಅಂತ. 2013ರ ‘ಬ್ಲರ್ಡ್ ಲೈನ್ಸ್’ ಹಾಡು ಗಾಯಕ ಮಾರ್ವಿನ್ ಗೇ ಅವರ 1977ರ ಹಾಡೊಂದರ ಥರ ಇದೆ ಅಂತ ಆದ ಕೇಸಲ್ಲಿ 2015ರಲ್ಲಿ ಜ್ಯೂರಿ ಮಾರ್ವಿನ್ ಗೇ ಕುಟುಂಬದ ಪರ ಹೇಳಿದ ಮೇಲೆ, 2018ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿದ ಮೇಲೆ, ಆ ಧೈರ್ಯ ಹೋಯ್ತು. 50 ಲಕ್ಷ ಡಾಲರ್‌ಗೂ ಮೀರಿದ ಪರಿಹಾರ ಅಂದ್ರೆ ಯಾರಿಗೆ ಭಯ ಆಗಲ್ಲ ಹೇಳಿ. ಈಗ ಸ್ವಲ್ಪ ಹೋಲಿಕೆ ಕಂಡ್ರೂ ಹಳಬರ ಹೆಸರು ಕ್ರೆಡಿಟ್‌ಗೆ ಸೇರಿಸಿ ಕೈತೊಳ್ಕೊಳ್ತಾರೆ. ನನಗೆ ಇದು ಸರಿ ಕಾಣಲ್ಲ, ಒಂದು ಕಾಲದ ಹುರುಪನ್ನ ಯಾರದ್ದೋ ಆಸ್ತಿ ಅಂದ್ರೆ ಮುಂದಿನ ಹುಡುಗರು ಗಿಟಾರ್ ಮುಟ್ಟೋಕೆ ಮುಂಚೆ ವಕೀಲರನ್ನ ನೋಡಬೇಕಾಗುತ್ತೆ. ಈ ವಿಷಯದಲ್ಲಿ ಇಂಗ್ಲಿಷ್ ಗಾಯಕ ಎಲ್ವಿಸ್ ಕಾಸ್ಟೆಲೋ ನಡೆದುಕೊಂಡ ರೀತಿ ನನಗೆ ಬಹಳ ಇಷ್ಟ. 2021ರಲ್ಲಿ ಒಲಿವಿಯಾ ರೊಡ್ರಿಗೋಳ ‘ಬ್ರೂಟಲ್’ ಹಾಡಿನ ಗಿಟಾರ್ ತುಣುಕು ಅವನ 1978ರ ‘ಪಂಪ್ ಇಟ್ ಅಪ್’ ಥರ ಇದೆ ಅಂತ ಜನ ದೂರಿದಾಗ, ನನ್ನದೇನೂ ತಕರಾರಿಲ್ಲ, ರಾಕ್ ಅಂಡ್ ರೋಲ್ ನಡೆಯೋದೇ ಹೀಗೆ, ನಾನೂ ಅದನ್ನೇ ಮಾಡಿದ್ದು ಅಂತ ಹೇಳಿ, ಡಿಲನ್ ಮತ್ತು ಚಕ್ ಬೆರ್ರಿಯ ಹಾಡುಗಳನ್ನ ತಾನೇ ಬೊಟ್ಟು ಮಾಡಿ ತೋರಿಸಿದ.

ಇಷ್ಟಾದ ಮೇಲೆ ಗೆರೆ ಎಲ್ಲಿ ಅಂದ್ರೆ, ನನ್ನ ಮಟ್ಟಿಗೆ, ಹಳೇ ಹಾಡಿನ ರಾಗವನ್ನೇ ಉದ್ದಕ್ಕೂ ಇಟ್ಕೊಂಡು ಹೆಸರು ಹೇಳದೇ ಇರೋದು ಕಳ್ಳತನ. ಸೌಂಡು, ಬೀಟು, ಹಾಡೋ ಶೈಲಿ, ಕಾರ್ಡುಗಳ ಸಾಲು, ಇವೆಲ್ಲ ಎಲ್ಲರ ಸೊತ್ತು.

ಪ್ರಶ್ನೆ: ನನ್ನ ಸಮಸ್ಯೆ ಬೇರೆ. ಹೊಸ ಬ್ಯಾಂಡ್ ಕೇಳುವಾಗ ‘ಅಯ್ಯೋ ಇದನ್ನ ಎಲ್ಲೋ ಕೇಳಿದೀನಿ’ ಅನ್ಸುತ್ತೆ, ಆದ್ರೆ ಏನು ಅಂತ ಹೊಳೆಯಲ್ಲ, ರಾತ್ರಿಯೆಲ್ಲ ಕೊರೀತಾ ಇರುತ್ತೆ. ಕಂಡುಹಿಡಿಯೋದು ಹೇಗೆ?

ಉತ್ತರ: ಹಾಡು ನಿಲ್ಲಿಸಿ, ಬರೀ ರಾಗವನ್ನ ಗುನುಗಿ ನೋಡಿ. ಗುನುಗುವಾಗಲೂ ಹಳೇದು ನೆನಪಾದ್ರೆ ಹೋಲಿಕೆ ರಾಗದಲ್ಲಿದೆ, ಸ್ವಲ್ಪ ಹೊತ್ತು ಮುಂದುವರಿಸಿ, ನಿಮಗೇ ಗೊತ್ತಿಲ್ಲದೆ ಬಾಯಿ ಹಳೇ ಹಾಡಿನ ಪದಕ್ಕೆ ಹೊರಳಿಬಿಡುತ್ತೆ. ಗುನುಗಿದಾಗ ಏನೂ ನೆನಪಾಗದೇ ರೆಕಾರ್ಡ್ ಹಾಕಿದ್ರೆ ಮಾತ್ರ ಕೊರೀತಿದೆ ಅಂದ್ರೆ ಅದು ವಾದ್ಯದ್ದೋ ರೆಕಾರ್ಡಿಂಗ್‌ದೋ ಕೆಲಸ.

ಹೆಚ್ಚಿನ ಸಲ ಅಪರಾಧಿ ಡ್ರಮ್ಸ್. 1963ರಲ್ಲಿ ರೊನೆಟ್ಸ್ ಹಾಡಿದ ‘ಬಿ ಮೈ ಬೇಬಿ’ಯ ಮೊದಲ ಕೆಲವು ಸೆಕೆಂಡು ಕೇಳಿ, ಹ್ಯಾಲ್ ಬ್ಲೇನ್ ಬಾರಿಸಿದ್ದು, ಧಂ... ಧಂ-ಧಂ... ಛಟ್. ಒಂದು-ಎರಡು-ಮೂರು-ನಾಲ್ಕು ಅಂತ ಎಣಿಸ್ತಾ ಕೇಳಿ, ಒಂದಕ್ಕೆ ಒಂದು ಪೆಟ್ಟು, ಎರಡಕ್ಕೂ ಮೂರಕ್ಕೂ ನಡುವೆ ಒಂದು, ಮೂರಕ್ಕೆ ಇನ್ನೊಂದು, ನಾಲ್ಕಕ್ಕೆ ಸ್ನೇರ್ (ಛಟ್ ಅನ್ನೋ ಚಿಕ್ಕ ಡ್ರಮ್) ಮೇಲೆ ಜೋರಾಗಿ ಒಂದೇ ಏಟು. ಸಾಮಾನ್ಯವಾಗಿ ಪಾಪ್ ಹಾಡಲ್ಲಿ ಎರಡಕ್ಕೂ ನಾಲ್ಕಕ್ಕೂ ಸ್ನೇರ್ ಬರುತ್ತೆ, ಇಲ್ಲಿ ಎರಡಕ್ಕೆ ಬರಲ್ಲ, ಆ ಖಾಲಿ ಜಾಗದಲ್ಲೇ ನಮ್ಮ ಎದೆ ಕಾಯ್ತಾ ಕೂರುತ್ತೆ. ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್ ಕಾರ್ ರೇಡಿಯೋದಲ್ಲಿ ಅದನ್ನ ಮೊದಲ ಸಲ ಕೇಳಿ ಗಾಡಿ ಪಕ್ಕಕ್ಕೆ ನಿಲ್ಲಿಸಿದ್ದನ್ನ ತಾನೇ ಎಷ್ಟೋ ಸಲ ಹೇಳ್ಕೊಂಡಿದ್ದಾನೆ. 1985ರಲ್ಲಿ ಜೀಸಸ್ ಆ್ಯಂಡ್ ಮೇರಿ ಚೈನ್ ಅದೇ ಪೆಟ್ಟನ್ನ ‘ಜಸ್ಟ್ ಲೈಕ್ ಹನಿ’ ಶುರುವಿಗೆ ಇಟ್ಟು ಮೇಲೆ ಗಿಟಾರ್ ಗದ್ದಲ ಸುರಿದ್ರು. ಒಂದು ಸಲ ಕಿವಿಗೆ ಹತ್ತಿದ್ರೆ ಆಮೇಲೆ ಎಲ್ಲೆಲ್ಲೂ ಸಿಗುತ್ತೆ.

ಬೀಟ್ ಅಲ್ಲದೆ ಡ್ರಮ್ಸ್‌ನ ಸೌಂಡೇ ‘ಎಂಬತ್ತರ ದಶಕ’ ಅನ್ನಿಸ್ತಿದ್ರೆ, ದೊಡ್ಡ ಹಾಲ್‌ನಲ್ಲಿ ಬಾರಿಸಿದ ಹಾಗೆ ಗುಂಯ್ ಅಂದು ತಟ್ಟನೆ ಕತ್ತರಿಸಿದ ಹಾಗೆ ನಿಲ್ಲುತ್ತೆ ಅಂದ್ರೆ, ಅದಕ್ಕೆ ಗೇಟೆಡ್ ರಿವರ್ಬ್ ಅಂತಾರೆ. 1980ರಲ್ಲಿ ಬಂದ ಪೀಟರ್ ಗೇಬ್ರಿಯಲ್‌ನ ಮೂರನೇ ಆಲ್ಬಂ ಮಾಡುವಾಗ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಫಿಲ್ ಕಾಲಿನ್ಸ್ ಡ್ರಮ್ಸ್ ಬಾರಿಸ್ತಿದ್ದಾಗ ಎಂಜಿನಿಯರ್ ಹ್ಯೂ ಪ್ಯಾಡ್ಗಮ್‌ಗೆ ಸಿಕ್ಕಿದ್ದು. ಒಳಗಿರೋ ವಾದ್ಯಗಾರರ ಮಾತು ಕೇಳಿಸಲಿ ಅಂತ ಇಟ್ಟಿದ್ದ ಮೈಕ್‌ನಲ್ಲಿ ಡ್ರಮ್ಸ್ ಸದ್ದು ವಿಪರೀತ ಒತ್ತಿಕೊಂಡು ಭಾರಿಯಾಗಿ ಬಂತು, ಅದನ್ನೇ ರೆಕಾರ್ಡ್ ಮಾಡಿ, ಸದ್ದು ಕಮ್ಮಿಯಾದ ತಕ್ಷಣ ಮುಚ್ಚಿಕೊಳ್ಳೋ ನಾಯ್ಸ್ ಗೇಟ್ ಜೋಡಿಸಿದ್ರು. ಆ ದಶಕ ಪೂರ್ತಿ ಅದೇ ಆಯ್ತು, ಮಧ್ಯೆ ಮರೆಯಾಗಿತ್ತು, ಈಗ ಹೊಸ ಬ್ಯಾಂಡ್‌ಗಳು ಮತ್ತೆ ತಂದಿದ್ದಾರೆ.

ಗಾಜಿನ ಗಂಟೆ ಥರ ಚಳಿ ಚಳಿ ಕೀಬೋರ್ಡ್ ಕೇಳಿದ್ರೆ 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಅಂತ ಊಹಿಸಿ. ಮುರುಕಲು ಕೊಳಲಿನ ಥರ ಕೇಳಿದ್ರೆ ಮೆಲಟ್ರಾನ್ ಅನ್ನೋ ಟೇಪ್ ಕೀಬೋರ್ಡ್, ಬೀಟಲ್ಸ್‌ನ 1967ರ ‘ಸ್ಟ್ರಾಬೆರಿ ಫೀಲ್ಡ್ಸ್’ ಶುರುವಿನದ್ದು. ಒಬ್ಬನೇ ಹಾಡಿದ್ರೂ ಇಬ್ಬರು ಹಾಡಿದ ಹಾಗೆ ಮೋಡ ಮೋಡವಾಗಿ ಕೇಳಿದ್ರೆ ದನಿಯನ್ನ ಎರಡು ಪದರ ಮಾಡಿರ್ತಾರೆ. ಲೆನನ್‌ಗೆ ಒಂದೇ ಸಾಲನ್ನ ಎರಡೆರಡು ಸಲ ಹಾಡೋದು ಬೇಜಾರು, ಅದಕ್ಕೆ 1966ರಲ್ಲಿ ಎಂಜಿನಿಯರ್ ಕೆನ್ ಟೌನ್ಸೆಂಡ್ ಟೇಪ್ ಮೆಷಿನ್‌ಗಳಲ್ಲೇ ಅದನ್ನ ಮಾಡೋ ಉಪಾಯ ಕಂಡುಹಿಡಿದ. ಈಗ ಯಾವ ಬ್ಯಾಂಡ್ ಆ ಥರ ಮಾಡಿದ್ರೂ ಲೆನನ್ ನೆನಪಾಗೋದು ಇದರಿಂದಲೇ.

ಪ್ರಶ್ನೆ: ಹಳೇದು ಯಾವುದನ್ನೂ ಕೇಳಿಲ್ಲ, ನೇರ ಹೊಸ ಬ್ಯಾಂಡ್ ಕೇಳ್ತೀನಿ. ಗೆಳೆಯರು ‘ನಿನಗೆ ಅರ್ಥ ಆಗಲ್ಲ ಬಿಡು’ ಅಂತಾರೆ. ನಿಜವಾ?

ಉತ್ತರ: ನಿಜ ಅಲ್ಲ. ಹಳೇದು ಗೊತ್ತಿಲ್ಲದೆ ಕೇಳಿದಾಗಲೂ ಹಿಡಿಸೋ ಹಾಡೇ ಗಟ್ಟಿ ಹಾಡು, ಆ ಮಟ್ಟಿಗೆ ನಿಮ್ಮ ತೀರ್ಪು ನಮ್ಮದಕ್ಕಿಂತ ಶುದ್ಧ, ನಮಗೆ ನೆನಪು ಬಂದು ಅಡ್ಡ ನಿಂತುಬಿಡುತ್ತೆ. ಆದ್ರೆ ಹೊಸ ಬ್ಯಾಂಡ್ ಇಷ್ಟ ಆದ್ರೆ ಅವರು ಯಾರನ್ನ ಪ್ರೀತಿಸಿದ್ರು ಅಂತ ಹಿಂದಕ್ಕೆ ಹೋಗಿ ನೋಡಿ, ಪರೀಕ್ಷೆಗೆ ಓದೋ ಥರ ಅಲ್ಲ, ಹಾಡು ಇನ್ನಷ್ಟು ಸಿಗುತ್ತೆ ಅಂತ. ಎಷ್ಟೋ ಜನ ಬಿಗ್ ಸ್ಟಾರ್‌ಗೆ ಬಂದಿದ್ದೇ ಹೀಗೆ, 1987ರಲ್ಲಿ ರಿಪ್ಲೇಸ್‌ಮೆಂಟ್ಸ್ ಬ್ಯಾಂಡು ಚಿಲ್ಟನ್ ಹೆಸರಲ್ಲೇ ಒಂದು ಹಾಡು ಮಾಡ್ತು, 1991ರಲ್ಲಿ ಸ್ಕಾಟ್ಲೆಂಡಿನ ಟೀನೇಜ್ ಫ್ಯಾನ್‌ಕ್ಲಬ್ ‘ಬ್ಯಾಂಡ್‌ವ್ಯಾಗನೆಸ್ಕ್’ ಆಲ್ಬಂ ತಂದಾಗ ಎಲ್ಲರೂ ಬಿಗ್ ಸ್ಟಾರ್ ಥರ ಇದೆ ಅಂದ್ರು, ಹಾಗಂದ್ರೆ ಯಾರಪ್ಪಾ ಅಂತ ಹುಡುಕಿದೋರಿಗೆ ಇಪ್ಪತ್ತು ವರ್ಷ ಹಳೇ ಆಲ್ಬಂ ಹೊಸದಾಗಿ ಸಿಕ್ತು. 1972ರಲ್ಲಿ ಕಾಣೆಯಾದ ರೆಕಾರ್ಡ್ ಉಳಿದಿದ್ದು ಅದರ ಪ್ರತಿಧ್ವನಿ ಮಾಡಿದ ಹುಡುಗರಿಂದ.

ಎಲ್ಲಿಂದ ಶುರು ಮಾಡ್ಲಿ ಅಂದ್ರೆ, ಬಿಗ್ ಸ್ಟಾರ್‌ನ ಆ ಮೊದಲ ಆಲ್ಬಂನಲ್ಲಿ ‘ಥರ್ಟೀನ್’ ಅನ್ನೋ ಹಾಡಿದೆ, ಎರಡೂವರೆ ನಿಮಿಷ, ಅಕೌಸ್ಟಿಕ್ ಗಿಟಾರ್ ಮತ್ತು ಮೆಲುದನಿ ಅಷ್ಟೇ, ಡ್ರಮ್ಸ್ ಇಲ್ಲವೇ ಇಲ್ಲ. ಅದನ್ನ ಕೇಳಿ, ತಕ್ಷಣ ‘ಎವ್ರಿಥಿಂಗ್ ಹಾರ್ಮನಿ’ಯ ಮೊದಲನೇ ಹಾಡು ‘ವೆನ್ ವಿಂಟರ್ ಕಮ್ಸ್ ಅರೌಂಡ್’ ಹಾಕಿ. ಆಮೇಲೆ ನಿಮಗೆ ಏನು ಕೇಳಿಸ್ತು ಅಂತ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.